ಆಡು ಎಂದ ಬಾಗಿಲು

ಬಹಳ ಬಹಳ ಹಿಂದೆ, ಕಲ್ಲುಗಳು ಇನ್ನೂ ಮೆತ್ತಗಿದ್ದು ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲದಲ್ಲಿ, ಸುರಗಿಪುರವೆಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬಂಗಾರ ಅಷ್ಟೇನೂ ಇರಲಿಲ್ಲ. ಆನೆಗಳೂ ಹೇಳಿಕೊಳ್ಳುವಷ್ಟಿರಲಿಲ್ಲ. ಆದರೆ ಅರಮನೆಯ ಮುಂದೆ ಒಂದು ಗೋಡೆಯಿತ್ತು. ಅದನ್ನು ನೋಡಲು ಸುತ್ತಲಿನ ರಾಜ್ಯದವರೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಅದರ ಹೆಸರು ಆಡುಗೋಡೆ. ಅರಸನಿಂದ ಅಗಸನವರೆಗೆ ಯಾರು ಬೇಕಾದರೂ ಅದರ ಮೇಲೆ ಚಿತ್ರ ಬರೆಯಬಹುದಿತ್ತು. ಒಬ್ಬರೇ ಬರೆದ ಚಿತ್ರ ಸುಮ್ಮನೆ ನಿಂತಿರುತ್ತಿತ್ತು. ಇನ್ನೊಬ್ಬರ ಕೈ ಅದಕ್ಕೆ ಕೂಡಿತೋ, ಅದು ಕದಲುತ್ತಿತ್ತು. ಅಗಸರ ಮುದುಕನೊಬ್ಬ ಹೊಳೆ ಬರೆದು ಹೋಗಿದ್ದ. ಬೆಸ್ತರ ಹೆಂಗಸು ಅದರೊಳಗೊಂದು ಮೀನು ಬರೆದಳು, ಹೊಳೆ ಹರಿಯತೊಡಗಿತು. ಒಂದು ಜಿಂಕೆಯಂತೂ ಬೆನ್ನು ಸವರಿದರೆ ಗೋಡೆಯ ಆ ತುದಿಗೆ ಓಡಿಹೋಗಿ ಕುಂಬಾರರು ಬರೆದ ಕುಂಬಳಬಳ್ಳಿಯನ್ನು ಮೇದು ಬರುತ್ತಿತ್ತು. ಕುಂಬಾರರು ಬೈಯುತ್ತಲೇ ಹೊಸ ಬಳ್ಳಿ ಬರೆಯುತ್ತಿದ್ದರು. ನಿನ್ನೆ ಕಂಡ ಗೋಡೆ ಇಂದು ಇರುತ್ತಿರಲಿಲ್ಲ.

ಆ ನಾಡಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರು ಏನು ಮಾಡಿದರೂ ಅದರಲ್ಲಿ ಒಂದು ಇಂಬು ಬಿಡಬೇಕು, ಅಂದರೆ ಇನ್ನೊಬ್ಬರ ಕೈಗೆ ಒಂದಿಷ್ಟು ಜಾಗ. ನೇಕಾರ ಸೀರೆ ನೇಯ್ದರೆ ಸೆರಗಿನಲ್ಲಿ ಒಂದು ಹೂವಿನ ಜಾಗ ಬಿಡುತ್ತಿದ್ದ, ಉಡುವವಳು ಅದನ್ನು ತುಂಬಿಕೊಳ್ಳುತ್ತಿದ್ದಳು. ಅಡುಗೆಯವಳು ಸಾರಿಗೆ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕುತ್ತಿದ್ದಳು, ಉಣ್ಣುವವರು ಹಾಕಿಕೊಳ್ಳಲಿ ಎಂದು. ಎರಡು ಕೈ ಕೂಡಿದ ಮೇಲೆಯೇ ‘ಕೆಲಸ ಕೈಗೂಡಿತು’ ಎನ್ನುತ್ತಿದ್ದರು. ನಾವೂ ಹಾಗೆಯೇ ಅನ್ನುತ್ತೇವೆ, ಯಾರ ಯಾರ ಕೈ ಎಂದು ಮಾತ್ರ ಕೇಳುವುದನ್ನು ಬಿಟ್ಟಿದ್ದೇವೆ.

ಆ ನಾಡಿನ ಅರಸನಿಗೆ ಇಬ್ಬರು ಮಕ್ಕಳು. ಹಿರಿಯವನು ಇರುಗದೇವ. ಅವನ ತಂಗಿ ಪದುಮಲೆ. ಇರುಗದೇವನ ಕೈಯಲ್ಲಿ ಕುಂಚ ಕೊಟ್ಟರೆ ಮುಗಿಯಿತು, ಅವನು ಬರೆದ ಹಣ್ಣಿಗೆ ನೊಣ ಮುತ್ತುತ್ತಿತ್ತು. ಪದುಮಲೆಯ ಕೈಯಲ್ಲಿ ಕುಂಚ ಕೊಟ್ಟರೂ ಅವಳು ಬೆರಳಲ್ಲೇ ಬರೆಯುತ್ತಿದ್ದಳು, ಬರೆದದ್ದು ಬೆಕ್ಕೋ ಬದನೆಕಾಯಿಯೋ ಎಂದು ಜನ ಪಂಥ ಕಟ್ಟುತ್ತಿದ್ದರು.

ಒಂದು ವರ್ಷವೆಲ್ಲ ಕೂತು ಇರುಗದೇವ ಆಡುಗೋಡೆಯ ಮೇಲೆ ಒಂದು ಬಿಳಿ ಕುದುರೆ ಬರೆದ. ಅಂಥ ಕುದುರೆ ಯಾವ ಲಾಯದಲ್ಲೂ ಹುಟ್ಟಿರಲಿಲ್ಲ. ಕಣ್ಣಿನಲ್ಲಿ ಬೆಳಕು, ಕತ್ತಿನಲ್ಲಿ ಗರ್ವ, ಬಾಲದ ಒಂದೊಂದು ಕೂದಲೂ ಬೇರೆ ಬೇರೆ. ಎಲ್ಲ ಇತ್ತು, ಇಂಬು ಇರಲಿಲ್ಲ. ಜನ ಬಂದು ನೋಡಿ ಬೆರಗಾದರು, ಬೆರಗಾಗಿ ಇಂಬು ಹುಡುಕಿದರು, ಸಿಗದೆ ಕೈ ಹಿಂದೆ ಕಟ್ಟಿಕೊಂಡು ಹೋದರು. ಇರುಗದೇವ ಕುದುರೆಯ ಸುತ್ತ ಒಂದು ಹಗ್ಗವನ್ನೂ ಕಟ್ಟಿಸಿದ.

ಕುದುರೆ ಕದಲಲಿಲ್ಲ. ಅವನಿಗೆ ಅದೂ ಚೆಂದವೆನಿಸಿತು.

ಒಂದು ಮಧ್ಯಾಹ್ನ ಪದುಮಲೆ ಚಿಪ್ಪಿನಲ್ಲಿ ಕೆಂಪು ಬಣ್ಣ ಕಲಸಿಕೊಂಡು ಬಂದಳು, ಹಗ್ಗದ ಕೆಳಗೆ ನುಸುಳಿದಳು, ಕುದುರೆಯ ಬೆನ್ನ ಮೇಲೆ ಬೆರಳಿನಿಂದ ಏನೋ ಗೀಚಿದಳು. ನೋಡಿದರೆ ಮಿಡತೆ. ಕೆಂಪು ಮಿಡತೆ. ಅದಕ್ಕೆ ಒಂದು ಕಾಲು ಹೆಚ್ಚಾಗಿತ್ತು. ಅಷ್ಟರಲ್ಲಿ ಬಂದ ಇರುಗದೇವನಿಗೆ ಆ ಮಿಡತೆಯ ಹೊರತು ಬೇರೇನೂ ಕಾಣಲಿಲ್ಲ. ಕುದುರೆಯ ಕಿವಿ ನವಿರಾಗಿ ಕದಲಿದ್ದು ಕಾಣಲಿಲ್ಲ.

“ಮುಟ್ಟಬೇಡ” ಎಂದ.

“ಅಣ್ಣ, ಕೇಳು, ಇದಕ್ಕೊಂದು...” ಎಂದು ಪದುಮಲೆ ಹೇಳಹೊರಟಳು.

“ಮುಟ್ಟಬೇಡ” ಎಂದ ಮತ್ತೆ. ಅವಳ ಬೆರಳು ಇನ್ನೂ ಮೇಲೆಯೇ ಇತ್ತು. ಅವನಿಗೆ ಒಡಲೆಲ್ಲ ಉರಿಯಿತು. ಹುಟ್ಟಿದಂದಿನಿಂದ ಯಾರಿಗೂ ಅಷ್ಟು ಮನಸಾರೆ ಏನನ್ನೂ ಹೇಳಿರಲಿಲ್ಲ, ಹಾಗೆ ಮೂರನೆಯ ಸಲ ಹೇಳಿದ: “ಮುಟ್ಟಬೇಡ!”

ಗೋಡೆಯ ನೆರಳಿನಿಂದ ಒಬ್ಬ ಮನುಷ್ಯ ಎದ್ದು ಬಂದ. ಮೈಮೇಲೆ ಒಂದು ಸುಕ್ಕಿಲ್ಲದ ಬಿಳಿ ನಿಲುವಂಗಿ, ಹೆಗಲ ಮೇಲೆ ಒಂದು ಬರಿದಾದ ಚೀಲ. ಅವನು ಬೆರಳುನುಂಗನೆಂಬ ಮಾಂತ್ರಿಕ. ಬೆರಳನ್ನೇನೂ ನುಂಗುತ್ತಿರಲಿಲ್ಲ, ಬೆರಳಿನೊಳಗಿನ ಆಟವನ್ನು ನುಂಗುತ್ತಿದ್ದ.

“ಮೂರು ಸಲ ಮನಸಾರೆ ಹೇಳಿದರೆ ಅದು ಬರೀ ಮಾತಲ್ಲ, ಮಂತ್ರ” ಎಂದ ಅವನು ಇರುಗದೇವನಿಗೆ, ನೆಂಟನೊಡನೆ ಮಾತಾಡಿದಂತೆ. “ಈ ನಾಡಿನಲ್ಲಿ ಯಾರಾದರೂ ಹೇಳಲೆಂದು ಎಷ್ಟು ಕಾಲದಿಂದ ಕಾದಿದ್ದೆ ಗೊತ್ತಾ? ಇವತ್ತು ಆಟ ಒಯ್ಯುತ್ತೇನೆ. ನಾಳೆ ಓಡಾಟ. ಆಮೇಲೆ ಒಡನಾಟ. ಹುಣ್ಣಿಮೆಯ ಚಂದ್ರ ಮೂಡುವಾಗ ಬಂದು ಉಸಿರಾಟ ಒಯ್ಯುತ್ತೇನೆ. ಅಲ್ಲಿಗೆ ನಿನ್ನ ರಾಜ್ಯ ಒಂದು ಮುಗಿದ ಚಿತ್ರ. ಯಾರೂ ಮುಟ್ಟುವುದಿಲ್ಲ.”

ಹೀಗೆಂದು ಪದುಮಲೆಯ ಮೇಲೆ ಉಫ್ ಎಂದು ಊದಿದ. ಅವಳು ಚಿತ್ರವಾಗಿ ಗೋಡೆಗೆ ಅಂಟಿಕೊಂಡಳು, ಕುದುರೆಯ ಪಕ್ಕದಲ್ಲಿ, ಎತ್ತಿದ ಬೆರಳು ಎತ್ತಿದಂತೆ. ಚಿಪ್ಪು ಮಾತ್ರ ಕೆಳಗೆ ಬಿತ್ತು. ಹೊಳೆ ನಿಂತಿತು, ಜಿಂಕೆ ನಿಂತಿತು, ಮಾಂತ್ರಿಕನ ಚೀಲ ಉಬ್ಬಿತು. ಅವನು ನೆರಳಿನೊಳಗೇ ಹೊರಟುಹೋದ.

ಆ ಗಳಿಗೆಯಿಂದ ಸುರಗಿಪುರದಲ್ಲಿ ಆಟವೆಂಬುದು ಇಲ್ಲವಾಯಿತು. ಬುಗುರಿ ತಿರುಗಲಿಲ್ಲ. ಎಸೆದ ಚೆಂಡು ಬಿದ್ದಲ್ಲೇ ಕೂತಿತು. ತೊಟ್ಟಿಲು ತೂಗಿದರೆ ತೂಗಲಿಲ್ಲ. ಮರದ ಒಂದೆಲೆಯೂ ಅಲುಗಾಡಲಿಲ್ಲ, ಏಕೆಂದರೆ ಗಾಳಿಯಾಡಲಿಲ್ಲ. ಇರುಗದೇವ ಗೋಡೆಗೆ ಹಣೆಯೊತ್ತಿ ತಂಗಿಯನ್ನು ಕರೆದ. ಅವಳ ಕಣ್ಣು ತೆರೆದೇ ಇತ್ತು, ಎದೆ ಎಷ್ಟು ಸಣ್ಣಗೆ ಏರಿಳಿಯುತ್ತಿತ್ತೆಂದರೆ ಅಣ್ಣನಾದವನಿಗೆ ಮಾತ್ರ ಕಾಣುವಷ್ಟು. ಉಸಿರಾಟ ಇನ್ನೂ ಉಳಿದಿತ್ತು. ಹುಣ್ಣಿಮೆಯವರೆಗೆ.

ಅರಮನೆಯಲ್ಲಿ ಬಣ್ಣ ಅರೆಯುವ ಹೊಂಬಕ್ಕ ಎಂಬ ಅಜ್ಜಿಯಿದ್ದಳು. ಅವಳ ನಾಲಿಗೆ ಅವಳ ಅರೆಯುವ ಕಲ್ಲಿಗಿಂತ ಒರಟು. ಅವಳು ಬಂದು ಚಿಪ್ಪನ್ನೆತ್ತಿ ಇರುಗದೇವನ ಕೈಗಿಟ್ಟಳು.

“ಅತ್ತಿದ್ದು ಸಾಕು ಕಣಪ್ಪಾ. ಆಡಿದ ಮಾತು, ಒಡೆದ ಮುತ್ತು. ಬಾಯಿ ಮಾಡಿದ ಕೆಸರನ್ನ ಕೈ ತೊಳೀಬೇಕು. ನಿನ್ ತಂಗಿ ಕಲಸಿದ ಕೆಂಪು ಇದು, ಅವಳ ಆಟ ಎಲ್ಲಿದೆಯೋ ಅತ್ತಲಾಗೆ ವಾಲ್ತದೆ. ಅದರ ಹಿಂದೆ ಹೋಗು. ಈಗಲೇ ಹೊರಡು, ನಾಳೆ ಓಡಾಟ ಹೋದರೆ ಹೊಸಿಲೂ ದಾಟಲಾರೆ.”

ಕುಂಚಗಳನ್ನು ತೆಗೆದುಕೊಳ್ಳಲೇ ಎಂದು ಅವನು ಕೇಳಿದ. ಬೆರಳು ಉದುರಿಹೋಗಿವೆಯೇನು ಎಂದು ಅವಳು ಕೇಳಿದಳು. ಅವನು ಬರಿಗೈಯಲ್ಲಿ ಹೊರಟ.

ಚಿಪ್ಪಿನೊಳಗಿನ ಕೆಂಪು ಮೂಡಣಕ್ಕೆ ವಾಲಿತು, ಅವನು ಮೂಡಣಕ್ಕೆ ನಡೆದ. ತೆಂಕಣಕ್ಕೆ ವಾಲಿತು, ತೆಂಕಣಕ್ಕೆ ನಡೆದ. ನಡೆಯುತ್ತ ನಡೆಯುತ್ತ ಒಂದು ಕಣಿವೆಗೆ ಬಂದ. ಕಣಿವೆಗೆ ಅಡ್ಡಲಾಗಿ ಬೆಟ್ಟದಷ್ಟು ದೊಡ್ಡ ಮಣ್ಣಿನ ಆನೆಯೊಂದು ಕೂತಿತ್ತು. ಅದಕ್ಕೆ ಸೊಂಡಿಲಿರಲಿಲ್ಲ. ತನ್ನನ್ನು ಮಾಡುತ್ತಿದ್ದ ದೈತ್ಯ ಅರ್ಧಕ್ಕೇ ಬಿಟ್ಟುಹೋದನೆಂದೂ, ಸೊಂಡಿಲು ಮಾಡಿಕೊಟ್ಟರೆ ದಾರಿ ಬಿಡುವುದಾಗಿಯೂ, ಮೂರು ಸಲಕ್ಕೂ ಸರಿಹೋಗದಿದ್ದರೆ ಅವನನ್ನೇ ಮಣ್ಣಿಗೆ ಕಲಸುವುದಾಗಿಯೂ ಆನೆ ಹೇಳಿತು.

ಇದೇನು ಮಹಾ ಎಂದುಕೊಂಡ ಇರುಗದೇವ. ಕೆರೆಯ ಜೇಡಿ ತಂದು ಪಟ್ಟದ ಆನೆಯ ಸೊಂಡಿಲನ್ನು ನೆನೆಸಿಕೊಂಡು ಹಾಗೆಯೇ ಮಾಡಿದ. ಆನೆ ತಲೆ ಕೊಡವಿತು, ಸೊಂಡಿಲು ಬಿತ್ತು. ಎರಡನೆಯ ಸಲ ಸುಕ್ಕು ಸುಕ್ಕನ್ನೂ ತಿದ್ದಿ ಮಾಡಿದ. ದೇವತೆಗಳು ನೋಡಿದರೆ ಕೈಮುಗಿಯಬೇಕು, ಹಾಗಿತ್ತು. ಆನೆ ತಲೆ ಕೊಡವಿತು, ಅದೂ ಬಿತ್ತು.

ಇರುಗದೇವ ಮಣ್ಣುಗೈಯಲ್ಲೇ ಕೆಳಗೆ ಕುಸಿದ. ಬೇರೇನೂ ತೋಚದೆ ಅವನು ಜೀವಮಾನದಲ್ಲೇ ಕೇಳದ ಒಂದು ಪ್ರಶ್ನೆ ಕೇಳಿದ: “ಸೊಂಡಿಲಿನಿಂದ ನೀನು ಏನು ಮಾಡಬೇಕು ಅಂತಿದ್ದೀಯ?”

ಆನೆಯನ್ನು ಹಾಗೆ ಯಾರೂ ಕೇಳಿರಲಿಲ್ಲ.

“ಎಡಗಿವಿಯ ಹಿಂದೆ ಒಂದು ಕಡೆ ತುರಿಸುತ್ತದೆ” ಎಂದಿತು ನಾಚಿಕೊಂಡು. “ನಾನು ಹುಟ್ಟಿದಾಗಿನಿಂದ.”

ಆಮೇಲೆ ಇಬ್ಬರೂ ಕೂಡಿ ಮಾಡಿದರು. ಇನ್ನೂ ಉದ್ದ ಎಂದಿತು ಆನೆ, ಉದ್ದ ಮಾಡಿದ. ಇಲ್ಲಿ ಬಾಗಲಿ ಎಂದಿತು, ಬಾಗಿಸಿದ. ನಡುವೆ ಆನೆಯೇ ಉಸಿರು ಊದಿ ಮೆತ್ತಗಿನ ಜೇಡಿಯನ್ನು ಉಬ್ಬಿಸಿತು. ಕೊನೆಗೆ ಆದ ಸೊಂಡಿಲು ಸೊಟ್ಟಗಿತ್ತು, ಅಂಥದ್ದನ್ನು ಕಂಡರೆ ಮೊದಲಾದರೆ ಅವನ ಕಣ್ಣೇ ನೋಯುತ್ತಿತ್ತು. ಆನೆ ಆ ಸೊಟ್ಟ ಸೊಂಡಿಲನ್ನು ಎತ್ತಿ ಎಡಗಿವಿಯ ಹಿಂದೆ ತುರಿಸಿಕೊಂಡಿತು. ಆ ಸುಖಕ್ಕೆ ಕಣಿವೆ ನಡುಗಿತು, ಆನೆಯ ಒಣಗಿದ ಬೆನ್ನಿನ ತುಂಬ ಹಸಿರು ಹುಲ್ಲು ಎದ್ದಿತು, ಹುಲ್ಲಿನಲ್ಲಿ ಹಳದಿ ಹೂವು ಅರಳಿತು. ಇರುಗದೇವ ಬಾಯಿ ತೆರೆದುಕೊಂಡು ನೋಡಿದ. ಇದನ್ನು ತಾನು ಮಾಡಿದ್ದಲ್ಲ, ತಾನಿಲ್ಲದೆ ಆಗಿದ್ದೂ ಅಲ್ಲ ಎಂದು ಅವನಿಗೆ ಹೊಳೆಯಿತು. ಆನೆ ಅವನನ್ನು ಅದೇ ಸೊಂಡಿಲಲ್ಲಿ ಎತ್ತಿ ಕಣಿವೆಯಾಚೆ ಇಳಿಸಿತು.

ಚಿಪ್ಪಿನ ಕೆಂಪು ಮತ್ತೆ ವಾಲಿತು. ಅವನು ಒಂದು ಬಿದಿರ ಕಾಡನ್ನು ಹೊಕ್ಕ. ಅಲ್ಲಿ ಏಳು ಹೆಡೆಯ ಹಾವೊಂದು ಕವಡೆಮಣೆ ಹಾಸಿಕೊಂಡು ಕಾದಿತ್ತು. ನಡುಹೆಡೆ ಆಡುತ್ತಿತ್ತು, ಉಳಿದ ಆರು ಹೆಡೆ ಆಕಳಿಸುತ್ತಿದ್ದವು. ಆ ಹಾವಿನ ಕಟ್ಟಳೆ ಇಷ್ಟು: ಬಂದವರು ತನ್ನೊಡನೆ ಆಡಬೇಕು, ಆಟ ಯಾರಿಂದ ಮುಗಿಯುತ್ತದೋ ಅವರನ್ನು ತಾನು ನುಂಗುವುದು.

ಸೋತವನೇ ಆಟ ಮುಗಿಸುವವನೆಂದು ತಿಳಿದು ಇರುಗದೇವ ಗೆಲ್ಲಲೆಂದೇ ಆಡಿದ. ಕವಡೆಯಲ್ಲಿ ಅವನು ಕೇಳಿದ ಗರವೇ ಬಿತ್ತು. ಇನ್ನೊಂದು ಕೈ ಆಡಿದರೆ ಗೆಲುವು. ಸರದಿಗೆ ಆ ಕಾಲದವರು ಕೈ ಎನ್ನುತ್ತಿದ್ದರು. ಕವಡೆ ಕುಲುಕುವಾಗ ಅವನ ಕಣ್ಣು ಹಾವಿನ ಸುರುಳಿಯ ಹಿಂದೆ ಹೋಯಿತು. ಅಲ್ಲಿ ಬಿದ್ದಿದ್ದ ಮೂಳೆಗಳ ಕೊರಳಲ್ಲಿ ಗೆದ್ದವರಿಗೆ ಹಾಕುವ ಕವಡೆಸರಗಳಿದ್ದವು. ಗೆದ್ದವರೂ ಆಟ ಮುಗಿಸಿದವರೇ. ಅವನು ಕವಡೆ ಕುಲುಕುವುದನ್ನು ನಿಲ್ಲಿಸಿದ.

ಸೋತರೂ ಆಟ ಮುಗಿಯುತ್ತದೆ, ಗೆದ್ದರೂ ಮುಗಿಯುತ್ತದೆ, ಆಡುತ್ತಲೇ ಕೂತರೆ ಹುಣ್ಣಿಮೆ ಬರುತ್ತದೆ. ಅವನು ಹಾವಿನ ಕಡೆ ನೋಡಿದ. ಅಂಚಿನಲ್ಲಿದ್ದ ಒಂದು ಸಣ್ಣ ಹೆಡೆ ಕವಡೆಗಳನ್ನೇ ನೋಡುತ್ತಿತ್ತು. ಆ ನೋಟ ಅವನಿಗೆ ಗೊತ್ತಿತ್ತು. ಹಗ್ಗದ ಆಚೆ ನಿಂತು ತಂಗಿ ಹಾಗೆಯೇ ನೋಡುತ್ತಿದ್ದಳು.

“ನನ್ನ ಕೈ ನೀನು ಆಡು” ಎಂದು ಅವನು ಕವಡೆಯನ್ನು ಆ ಸಣ್ಣ ಹೆಡೆಯ ಮುಂದಿಟ್ಟ.

ಸಣ್ಣ ಹೆಡೆ ನಡುಹೆಡೆಯತ್ತ ನೋಡಿತು. ನಡುಹೆಡೆ ತುಸು ಪಕ್ಕಕ್ಕೆ ಸರಿಯಿತು. ಸಣ್ಣ ಹೆಡೆ ಕವಡೆ ಬಿಟ್ಟಿತು. ಕೆಟ್ಟ ಗರ ಬಿತ್ತು, ಉಳಿದ ಹೆಡೆಗಳಿಗೆಲ್ಲ ನಗು ಬಂತು, ಪಕ್ಕದ ಹೆಡೆ ತನಗೂ ಒಂದು ಕೈ ಬೇಕೆಂದಿತು, ಅದರ ಪಕ್ಕದ್ದು ಇದು ಮೋಸವೆಂದಿತು. ಹುಟ್ಟಿದಂದಿನಿಂದ ಒಂದೇ ಮೈಯಲ್ಲಿದ್ದ ಏಳು ಹೆಡೆಗಳು ಅಂದು ಮೊದಲ ಸಲ ಒಂದರ ಮುಖ ಒಂದು ನೋಡಿದವು. ಅವುಗಳ ಹೆಡೆಮಣಿಗಳು ಒಂದೊಂದಾಗಿ ಹೊತ್ತಿಕೊಂಡು ಬಿದಿರ ಕಾಡೆಲ್ಲ ಏಳು ಬಣ್ಣದಲ್ಲಿ ಬೆಳಗಿತು. ಇರುಗದೇವ ಎದ್ದು ಹೊರಟದ್ದನ್ನು ಹಾವು ಗಮನಿಸಲೇ ಇಲ್ಲ. ಆ ಆಟ ಇವತ್ತಿಗೂ ಮುಗಿದಿಲ್ಲವಂತೆ.

ಹುಣ್ಣಿಮೆಯ ದಿನ ಹೊತ್ತು ಇಳಿಯುವಾಗ ಅವನು ಬೆರಳುನುಂಗನ ಅಲುಗದ ಕೋಟೆಯ ಮುಂದೆ ನಿಂತಿದ್ದ. ಕೋಟೆ ಮೊಟ್ಟೆಯ ಸಿಪ್ಪೆಯಂತೆ ಬೆಳ್ಳಗಿತ್ತು. ಅದಕ್ಕೊಂದು ಬಾಗಿಲು. ಬಾಗಿಲಿಗೆ ಹಿಡಿಯಿಲ್ಲ, ಕೀಲಿಯಿಲ್ಲ, ಬಿರುಕಿಲ್ಲ. ಅದರ ಮೇಲೆ ಒಂದೇ ಮಾತು ಕೆತ್ತಿತ್ತು: ಆಡು.

ಬಾಗಿಲ ಎರಡು ಪಕ್ಕದಲ್ಲಿ ಇಬ್ಬರು ಮನುಷ್ಯರು ಚಿತ್ರವಾಗಿ ಅಂಟಿಕೊಂಡಿದ್ದರು. ಒಬ್ಬ ಪಂಡಿತ. ಆಡು ಎಂದರೆ ಮಾತಾಡು ಎಂದು ತಿಳಿದು, ಗಂಟಲು ಹರಿಯುವವರೆಗೆ ತಾನೊಬ್ಬನೇ ಮಾತಾಡಿ ಚಿತ್ರವಾಗಿದ್ದ, ಬಾಯಿ ಇನ್ನೂ ತೆರೆದಿತ್ತು. ಇನ್ನೊಬ್ಬ ಕುರಿಗಾಹಿ. ಆಡು ಎಂದರೆ ಆಡು ಎಂದು ತಿಳಿದು ಒಂದು ಆಡನ್ನು ತಂದು ಬಾಗಿಲಿಗೆ ಕೊಟ್ಟು, ಪಡೆದುಕೋ ಎಂದು ಕಾಯುತ್ತ ಚಿತ್ರವಾಗಿದ್ದ. ಅವನ ಆಡು ಮಾತ್ರ ಚಿತ್ರವಾಗಿರಲಿಲ್ಲ. ಕೋಟೆಯ ಬುಡದಲ್ಲಿ ಅದು ಸಿಕ್ಕಿದ್ದನ್ನು ಮೇಯುತ್ತಿತ್ತು. ಇರುಗದೇವ ಬಂದ ಕೂಡಲೇ ಅವನ ಪಂಚೆಯ ಅಂಚನ್ನು ಅಗಿಯತೊಡಗಿತು.

ಪಂಡಿತನೂ ತಪ್ಪಿದ್ದ, ಕುರಿಗಾಹಿಯೂ ತಪ್ಪಿದ್ದ. ಹಾಗಾದರೆ ಉಳಿದದ್ದು ಒಂದೇ, ಆಟ. ಬಾಗಿಲೊಡನೆ ಆಡುವುದು ಹೇಗೆ? ಇರುಗದೇವ ಚಿಪ್ಪಿನಲ್ಲಿ ಬೆರಳದ್ದಿ ಬಾಗಿಲ ಮೇಲೆ ಒಂದು ಗೆರೆ ಎಳೆದ. ಅವನ ಬೆರಳು ಪಳಗಿದ್ದು, ಗೆರೆ ಚೆಂದವಾಗಿ ಬಂತು. ಬಾಗಿಲು ಸುಮ್ಮನಿತ್ತು. ಗೆರೆಯನ್ನು ಬಳ್ಳಿ ಮಾಡಿದ, ಬಳ್ಳಿಗೆ ಎಲೆ ಬರೆದ, ಹೂವು ಬರೆದ. ಬಾಗಿಲು ಸುಮ್ಮನೇ ಇತ್ತು. ಅವನ ಕಾಲ್ಬೆರಳು ಚಿತ್ರವಾಗತೊಡಗಿತು.

ಆಗ ಆಡು ಮುಂದೆ ಬಂದಿತು. ಬಳ್ಳಿಯನ್ನು ಮೂಸಿತು, ನೆಕ್ಕಿತು, ಗಡ್ಡವನ್ನು ಬಣ್ಣದಲ್ಲಿ ಅದ್ದಿಕೊಂಡು ಅತ್ತಿಂದಿತ್ತ ತಲೆಯಾಡಿಸಿತು. ಅಷ್ಟು ಕಷ್ಟಪಟ್ಟು ಬರೆದ ಹೂವು ಒಂದು ಕೆಂಪು ರಾಡಿಯಾಯಿತು.

“ಮುಟ್ಟ...” ಎಂದ ಇರುಗದೇವ.

ಉಳಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದು ಎಷ್ಟು ಭಾರವಾಗಿತ್ತೆಂದರೆ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಹಾಗೆಯೇ ನುಂಗಿಕೊಂಡ. ನುಂಗಿಕೊಂಡ ಮೇಲೆ ರಾಡಿಯನ್ನು ನೋಡಿದ. ನೋಡಿದರೆ ಅದು ಒಂದು ಮುಖದಂತಿತ್ತು, ತುಸು ಹೊಂಬಕ್ಕನ ಮುಖದಂತೆ. ಅವನಿಗೆ ನಗು ಬಂತು. ಮುಖಕ್ಕೆ ಒಂದು ಕಣ್ಣು ಬರೆದ. ಇನ್ನೊಂದು ಕಣ್ಣಿನ ಜಾಗವನ್ನು ಖಾಲಿ ಬಿಟ್ಟ. ಬಾಗಿಲಿಗೆ ಹೇಳಿದ: “ಈಗ ನಿನ್ನ ಕೈ.”

ಹೇಳಿ ಕಾದ. ಆನೆಗಿಂತ, ಹಾವಿಗಿಂತ, ಆ ಕಾಯುವುದೇ ಕಷ್ಟವಾಗಿತ್ತು. ಬಿಸಿಲು ಕೆಂಪಾಯಿತು. ಅವನ ಮೊಣಕಾಲಿನವರೆಗೆ ಚಿತ್ರವಾಯಿತು. ಖಾಲಿ ಜಾಗ ಖಾಲಿಯಾಗಿಯೇ ಇತ್ತು, ಅವನು ಅದನ್ನು ತುಂಬಲಿಲ್ಲ.

ಆಮೇಲೆ ಯಾರ ಬೆರಳೂ ಇಲ್ಲದೆ, ಬಾಗಿಲ ಒಳಗಿನಿಂದ ಒಂದು ಕೆಂಪು ಚುಕ್ಕೆ ಮೂಡಿತು. ಅಳುಕುತ್ತ ಮೂಡಿತು, ಮೊದಲ ಸಲ ಮಾತು ಕಲಿಯುವ ಮಗುವಿನ ಹಾಗೆ. ಚುಕ್ಕೆ ಗುಂಡಗಾಯಿತು, ಕಣ್ಣಾಯಿತು, ಆ ಕಣ್ಣು ಇರುಗದೇವನನ್ನು ನೋಡಿ ಮಿಟುಕಿಸಿತು. ಅವನು ಮೂಗು ಬರೆದ, ಬಾಗಿಲು ಮೂಗುತಿ ಇಟ್ಟಿತು. ಅವನು ಮೀಸೆ ಬರೆದ, ಬಾಗಿಲು ಕಿಲಕಿಲ ನಕ್ಕಿತು. ಆಡೂ ಇತ್ತು, ಮಾತಾಡಿದ್ದೂ ಆಯಿತು, ಆಟವೂ ಆಯಿತು. ಆ ಒಂದು ಮಾತಿಗೆ ಮೂರು ಅರ್ಥವಿತ್ತು, ಮೂರೂ ಸರಿಯಾಗಿತ್ತು, ಒಂದೊಂದೇ ಬಂದದ್ದು ತಪ್ಪಾಗಿತ್ತು. ಬಾಗಿಲು ನಗುತ್ತಲೇ ತೆರೆದುಕೊಂಡಿತು, ಇರುಗದೇವನ ಕಾಲಿಗೆ ಮತ್ತೆ ಜೀವ ಬಂತು. ಪಂಡಿತನೂ ಕುರಿಗಾಹಿಯೂ ಗೋಡೆಯಿಂದ ಕಳಚಿ ಬಿದ್ದು ಮೈ ಕೊಡವಿಕೊಂಡರು.

ಒಳಗೆ ಹೋದ ಇರುಗದೇವನ ಕಾಲು ನಿಂತಲ್ಲೇ ನಿಂತಿತು. ಅಲ್ಲಿ ಲೋಕದ ಚೆಂದವೆಲ್ಲ ಇತ್ತು. ಯಾರೂ ನುಡಿಸದ ವೀಣೆಗಳು, ಯಾರೂ ಉಡದ ಸೀರೆಗಳು, ಯಾರೂ ನೀರು ತರದ ಕೊಡಗಳು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಕೊನೆಯ ಗೋಡೆಯ ಮೇಲೆ ಸುರಗಿಪುರವೇ ಇತ್ತು. ಒಂದೊಂದು ಹೆಂಚು, ಒಂದೊಂದು ಗರಿಕೆ, ಹೊಸಿಲ ಮೇಲೆ ಕಲ್ಲಾಗಿ ಕೂತ ಒಬ್ಬೊಬ್ಬರ ಮುಖ. ಅಷ್ಟು ಚೆಂದದ ಚಿತ್ರವನ್ನು ಅವನು ಕಂಡಿರಲಿಲ್ಲ. ತಾನು ಸಾಯುವವರೆಗೆ ಬರೆದರೂ ಅಂಥದ್ದು ಬರೆಯಲಾರೆನೆಂದು ಅವನಿಗೆ ಗೊತ್ತಾಯಿತು. ಅವನಿಗೆ ಅದರ ಮೇಲೆ ಆಸೆಯಾಯಿತು, ಆಸೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

“ನೀನು ಬರುತ್ತೀಯೆಂದು ಗೊತ್ತಿತ್ತು” ಎಂದ ಬೆರಳುನುಂಗ. ಅವನು ಉಬ್ಬಿದ ಚೀಲವನ್ನು ಹೆಗಲಿಗೇರಿಸಿ ಹೊರಡಲು ನಿಂತಿದ್ದ. “ನೀನು ನನ್ನವನು. ನಿನ್ನ ಕುದುರೆಯನ್ನೂ ಇಲ್ಲಿ ಇಡೋಣ. ಅದರ ಮೇಲೆ ಯಾರೂ ಮಿಡತೆ ಬರೆಯುವುದಿಲ್ಲ. ಚಂದ್ರ ಮೂಡಲಿ, ಉಸಿರಾಟವೊಂದು ಬಂದುಬಿಟ್ಟರೆ ಈ ಚಿತ್ರ ಮುಗಿಯಿತು.”

ಇರುಗದೇವ ಚಿತ್ರದಲ್ಲಿ ತಂಗಿಯನ್ನು ಹುಡುಕಿದ. ಅವಳು ಅರಮನೆಯ ಮುಂದೆ, ಗೋಡೆಯ ಮೇಲೆ, ಬೆರಳೆತ್ತಿ ನಿಂತಿದ್ದಳು. ಬೆರಳಿನ ಮುಂದೆ ಮುಟ್ಟಲು ಏನೂ ಇರಲಿಲ್ಲ.

“ಇದರಲ್ಲಿ ಇಂಬು ಎಲ್ಲಿದೆ?” ಎಂದು ಕೇಳಿದ.

ಇಂಬು ಬೇಕಾಗುವುದು ಕೊರತೆಯಿರುವ ಚಿತ್ರಕ್ಕೆ ಎಂದ ಮಾಂತ್ರಿಕ.

“ಹಾಗಾದರೆ ಅವಳು ಆ ಬೆರಳಿನಿಂದ ಏನು ಮಾಡಬೇಕು?”

ಮಾಂತ್ರಿಕ ಉತ್ತರ ಕೊಡುವಷ್ಟರಲ್ಲಿ ಏನೋ ಪರಪರ ಸದ್ದಾಯಿತು. ಆಡು ಒಳಗೆ ಬಂದು ಚಿತ್ರದ ಬುಡದ ಗರಿಕೆಯನ್ನು ಮೇಯುತ್ತಿತ್ತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಬರೆದ ಸೊಪ್ಪೂ ಅದಕ್ಕೆ ಸೊಪ್ಪೇ.

“ಮುಟ್ಟಬೇಡ” ಎಂದ ಬೆರಳುನುಂಗ. ಆಡು ಅವನನ್ನೊಮ್ಮೆ ನೋಡಿ ಕೆರೆಯ ದಂಡೆಗೆ ಬಾಯಿ ಹಾಕಿತು. “ಮುಟ್ಟಬೇಡ!” ಎಂದ. ಆಡು ದಂಡೆ ಮುಗಿಸಿ ಅರಮನೆಯ ತೋಟಕ್ಕೆ ಹೋಯಿತು. ಮಾಂತ್ರಿಕ ತನ್ನೆಲ್ಲ ಉಸಿರು ಕಟ್ಟಿ, ಮನಸಾರೆ, ಮೂರನೆಯ ಸಲ ಕೂಗಿದ: “ಮುಟ್ಟಬೇಡ!”

ಮೂರು ಸಲ ಮನಸಾರೆ ಹೇಳಿದರೆ ಅದು ಮಂತ್ರ. ಆ ಕೋಟೆಯಲ್ಲಿದ್ದದ್ದೆಲ್ಲ ಅವನ ಮಾತು ಕೇಳುವಂಥವೇ, ಆಡೊಂದನ್ನು ಬಿಟ್ಟು. ಆದ್ದರಿಂದ ಎಲ್ಲವೂ ಅವನ ಮಾತು ಕೇಳಿದವು. ಚೀಲ ಅವನನ್ನು ಮುಟ್ಟಲಿಲ್ಲ, ಹೆಗಲಿನಿಂದ ಜಾರಿತು. ನೆಲ ಅವನನ್ನು ಮುಟ್ಟಲಿಲ್ಲ, ಅವನು ಮೇಲೆದ್ದ. ನಿಲುವಂಗಿಯೂ ಅವನಿಂದ ಗೇಣುದ್ದ ದೂರ ಸರಿದು ನಿಂತಿತು. ಯಾವುದೂ ಮುಟ್ಟದ ನಡುಗಾಳಿಯಲ್ಲಿ ಬೆರಳುನುಂಗ ಜೋತಾಡಿದ.

ಕೆಳಗೆ ಬಿದ್ದ ಚೀಲ ಬಿಚ್ಚಿಕೊಂಡಿತು. ಮೊದಲು ಗಾಳಿ ಹೊರಬಂತು. ಅದರ ಹಿಂದೆ ಬುಗುರಿಗಳ ಗುಯ್‌ಗುಡುವಿಕೆ, ತೊಟ್ಟಿಲುಗಳ ತೂಗಾಟ, ಸಂತೆಯ ಓಡಾಟ, ನೆರೆಹೊರೆಯ ಒಡನಾಟ. ಎಲ್ಲ ಬಾಗಿಲಿನತ್ತ ಹಾರಿದವು. ವೀಣೆಗಳು ತಾವಾಗಿಯೇ ಝೇಂಕರಿಸಿದವು. ಗೋಡೆಯ ಮೇಲಿನ ಚಿತ್ರದಲ್ಲಿ ಒಂದು ಮನೆಯ ಮಾಡಿನಿಂದ ಸಣ್ಣಗೆ ಹೊಗೆ ಎದ್ದಿತು. ಅದೇ ಗಳಿಗೆಗೆ ದೂರದ ಸುರಗಿಪುರದಲ್ಲಿ ಯಾವುದೋ ತಾಯಿ ಒಲೆಗೆ ಗಾಳಿ ಊದಿದ್ದಳು. ಇರುಗದೇವ ಕೈಮುಗಿದು ನಿಂತ. ಯಾರಿಗೆ ಮುಗಿದನೋ ಅವನಿಗೇ ತಿಳಿಯದು.

ಮೇಲಿನಿಂದ ಅಳು ಕೇಳಿತು. ಬೆರಳುನುಂಗ ಅಳುತ್ತಿದ್ದ. ಇವನನ್ನು ಹೀಗೆಯೇ ಬಿಟ್ಟುಹೋದರೆ ತಪ್ಪೇನು ಎಂದು ಇರುಗದೇವನಿಗೆ ಅನ್ನಿಸಿತು. ಅನ್ನಿಸುವುದು ಸಹಜವೇ. ಆದರೆ ಮಾಂತ್ರಿಕ ಜೀವಮಾನದಲ್ಲಿ ಮೊದಲ ಸಲ, ಕೇಳಿಸಿಯೂ ಕೇಳಿಸದಂತೆ, “ಮುಟ್ಟು” ಎಂದ. ಇರುಗದೇವ ಕೈ ಚಾಚಿ ಅವನ ಬೆರಳು ಹಿಡಿದು ಕೆಳಗೆಳೆದ. ಮುಟ್ಟಿದ ಕೂಡಲೇ ಮಂತ್ರವೆಲ್ಲ ಅವನಿಂದ ಸೋರಿಹೋಗಿ, ನಡುಗುವ ಕೈಯ ಒಬ್ಬ ಮುದುಕ ಉಳಿದ.

ಆನೆ ಕಣಿವೆಯಿಂದ ಎದುರುಬಂದು ಎಲ್ಲರನ್ನೂ ಹೊತ್ತುಕೊಂಡಿತು. ಸುರಗಿಪುರದಲ್ಲಿ ಗಾಳಿ ಬೀಸುತ್ತಿತ್ತು, ಮಕ್ಕಳು ಬಿದ್ದು ಮಂಡಿ ತರಚಿಕೊಳ್ಳುತ್ತಿದ್ದರು, ಜಿಂಕೆ ಕುಂಬಳಬಳ್ಳಿಯನ್ನು ಮೇಯುತ್ತಿತ್ತು. ಪದುಮಲೆ ಮಾತ್ರ ಗೋಡೆಯ ಮೇಲೆಯೇ ಇದ್ದಳು.

ಇರುಗದೇವನ ಎದೆ ಒಡೆಯಿತು. ಹೊಂಬಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. “ಮಾಂತ್ರಿಕ ಒಯ್ದದ್ದು ಬಂತು” ಎಂದಳು. “ನೀ ಒಯ್ದದ್ದನ್ನ ನೀನೇ ಕೊಡಬೇಕಲ್ಲಪ್ಪಾ.”

ಅವನು ಕುದುರೆಯ ಸುತ್ತಲಿನ ಹಗ್ಗವನ್ನು ಬಿಚ್ಚಿದ. ನೆರೆದ ಜನರ ಕಡೆ ತಿರುಗಿ “ಮುಟ್ಟಿ” ಎಂದ. ಯಾರೂ ಕದಲಲಿಲ್ಲ, ಜನರಿಗೆ ಹಗ್ಗದ ನೆನಪಿತ್ತು. “ಮುಟ್ಟಿ” ಎಂದ ಮತ್ತೆ. ಮೂರನೆಯ ಸಲ ಹೇಳುವಾಗ ಅವನ ದನಿ ಒಡೆಯಿತು, ಅದು ಮನಸಾರೆ ಹೇಳಿದ ಮಾತೆಂದು ಎಲ್ಲರಿಗೂ ತಿಳಿಯಿತು.

ಮೊದಲು ಕುಂಬಾರರು ಬಂದು ಕುದುರೆಯ ಬಾಯಿಗೊಂದು ಕುಂಬಳಕಾಯಿ ಬರೆದರು, ಅಲ್ಲಾದರೂ ಅದು ಆ ಜಿಂಕೆಗೆ ಸಿಗದಿರಲಿ ಎಂದು. ನೇಕಾರರು ಜೀನು ಹೊದಿಸಿದರು. ಅಗಸರ ಮುದುಕ ಅದರ ಕಾಲಡಿಗೆ ಹೊಳೆಯನ್ನು ತಿರುಗಿಸಿದ. ಯಾರೋ ಕೊಂಬನ್ನೂ ಬರೆದರು, ಯಾರೋ ಅದಕ್ಕೆ ಮಾವಿನ ತೋರಣ ಕಟ್ಟಿದರು. ಒಂದೊಂದು ಕೈ ಬಿದ್ದಾಗಲೂ ಇರುಗದೇವನಿಗೆ ಎದೆಯಲ್ಲಿ ಚುರುಕ್ಕೆನ್ನುತ್ತಿತ್ತು. ಕೊಂಬಿನ ಹೊತ್ತಿಗೆ ನಗು ಬಂತು. ಅವನ ಕುದುರೆ ಈಗ ಅವನ ಕುದುರೆಯಾಗಿರಲಿಲ್ಲ. ಊರೆಲ್ಲ ಸೇರಿ ಕಂಡ ಕನಸಾಗಿತ್ತು. ಅವನೊಬ್ಬನಿಗೆ ಆ ಕನಸು ಬೀಳುವುದು ಸಾಧ್ಯವಿರಲಿಲ್ಲ.

ಕೊನೆಗೆ ಉಳಿದದ್ದು ಆ ಎತ್ತಿದ ಬೆರಳು. ಚಿಪ್ಪಿನ ತಳದಲ್ಲಿ ಒಂದು ಹನಿ ಕೆಂಪಿತ್ತು. ಇರುಗದೇವ ಅದನ್ನು ತನ್ನ ಬೆರಳಿಗೆ ಹಚ್ಚಿಕೊಂಡು, ಹೆದರುತ್ತ ಹೆದರುತ್ತ, ತಂಗಿಯ ಬೆರಳ ತುದಿಗೆ ಮುಟ್ಟಿಸಿದ.

ಬೆರಳು ಬೆಚ್ಚಗಿತ್ತು.

“...ಜೊತೆ ಬೇಕಿತ್ತು” ಎಂದಳು ಪದುಮಲೆ, ಗೋಡೆಯಿಂದ ಇಳಿಯುತ್ತ, ಅರ್ಧಕ್ಕೆ ನಿಂತಿದ್ದ ಮಾತನ್ನು ಮುಗಿಸುತ್ತ. “ಅಷ್ಟೇ ಅಣ್ಣ. ಪಾಪ, ಒಂದೇ ನಿಂತಿತ್ತಲ್ಲ.”

ಅವಳ ಹಿಂದೆ ಕೆಂಪು ಮಿಡತೆ ಹೆಚ್ಚಿನ ಕಾಲನ್ನು ಮಡಚಿ ಚಂಗನೆ ನೆಗೆಯಿತು. ಅದನ್ನು ಹಿಡಿಯಲು ಬಿಳಿ ಕುದುರೆ ಗೋಡೆಯ ಉದ್ದಕ್ಕೂ ನಾಗಾಲೋಟದಲ್ಲಿ ಓಡಿತು. ಅದರ ಗೊರಸಿನ ಸದ್ದಿಗೆ ಇಡೀ ಸುರಗಿಪುರ ಉಸಿರು ಬಿಗಿಹಿಡಿದು ನಿಂತಿತು, ಆಮೇಲೆ ಎಲ್ಲರೂ ಒಟ್ಟಿಗೆ ಉಸಿರಾಡಿದರು.

ಅಂದಿನಿಂದ ಅಣ್ಣ ತಂಗಿ ಜೊತೆಯಲ್ಲೇ ಬರೆದರು, ಜಗಳವಾಡಿಕೊಂಡೇ ಬರೆದರು. ಮುದುಕನಾದ ಬೆರಳುನುಂಗ ಹೊಂಬಕ್ಕನ ಕೈಕೆಳಗೆ ಬಣ್ಣ ಅರೆದು, ದಿನಾ ಬೈಸಿಕೊಂಡು, ಸುಖವಾಗಿದ್ದ. ಆನೆ ಕಿವಿ ತುರಿಸಿಕೊಂಡಿತು, ಹಾವು ಆಟ ಮುಂದುವರಿಸಿತು. ಎಲ್ಲರೂ ಚೆನ್ನಾಗಿದ್ದರು. ಕುರಿಗಾಹಿ ತನ್ನ ಆಡನ್ನು ಅರಮನೆಗೇ ಬಿಟ್ಟುಹೋದ, ಅದು ಅರಸನ ಸಿಂಹಾಸನದ ದಿಂಬನ್ನು ತಿಂದು ದುಂಡಗಾಯಿತು.

ಆ ಆಡಿಗೆ ಒಂದು ಹೆಸರಿರಬೇಕಿತ್ತಲ್ಲ ಎನ್ನುತ್ತೀರಿ. ಇರಬೇಕಿತ್ತು. ನಾನೇ ಬೇಕೆಂದು ಇಂಬು ಬಿಟ್ಟಿದ್ದೇನೆ. ಈಗ ನಿಮ್ಮ ಕೈ.